ಸಿಗಂದೂರಿಗೆ ಹೋದವರು ಬಂದ ದಾರಿಯಲ್ಲೇ ವಾಪಸ್ ಬರಬೇಡಿ

ನಮಸ್ಕಾರ. ನವೆಂಬರ್ ಕೊನೆಗೆ ಅಪ್ಪ, ಅಮ್ಮ, ಇಬ್ಬರು ಮಕ್ಕಳನ್ನು ಕರ್ಕೊಂಡು ಶಿವಮೊಗ್ಗದಿಂದ ಕಾರಲ್ಲಿ ಹೋಗಿ ಸಿಗಂದೂರು ಸೇತುವೆ ನೋಡಿ, "ದ್ವೀಪ" ಸುತ್ತಿ ಬರೋಕೆ ಒಂದು ದಿನ ಸಾಕಾ ಅಂತ ಕೇಳಿದ್ದೀರಿ. ತೋಟದ ಕೆಲಸ ಇತ್ತು, ಉತ್ತರ ತಡವಾಯಿತು. ನಾನು ಸಾಗರದ ಕಡೆಯವನು, ಈ ದಾರಿಗಳಲ್ಲಿ ವರ್ಷಕ್ಕೆ ನಾಲ್ಕೈದು ಸಲ ಓಡಾಡುತ್ತೇನೆ.

ಸೇತುವೆ ನೋಡಿ, ದೇವಿ ದರ್ಶನ ಮಾಡಿ, ಹಾಗೇ ತಿರುಗಿ ಬರೋದಾದರೆ ಒಂದು ದಿನ ಧಾರಾಳ ಸಾಕು. ಈಗ ಎಲ್ಲರೂ ಮಾಡುತ್ತಿರುವುದೂ ಅದನ್ನೇ. ಆದರೆ ಸುತ್ತಿ ಬರಬೇಕು ಅಂದರೆ ಎರಡು ದಿನ ಇಟ್ಟುಕೊಳ್ಳಿ, ಒಂದು ರಾತ್ರಿ ಸೇತುವೆ ಆಚೆಯ ತುಮರಿ ಊರಿನ ಕಡೆ ಉಳಿಯಿರಿ.

ಮೊದಲಿಗೆ ಒಂದು ಮಾತು. ಅದು ಪೂರ್ತಿ ದ್ವೀಪ ಅಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರು ಹರಡಿದಾಗ ಕರೂರು ಹೋಬಳಿಯ ಊರುಗಳಿಗೆ ಸಾಗರದ ದಾರಿ ತಪ್ಪಿಹೋಯಿತು, ಅದಕ್ಕೇ ದ್ವೀಪ ಅನ್ನುವ ಹೆಸರು ಬಂತು. ಹಿಂದಿನ ಬಾಗಿಲು ಯಾವಾಗಲೂ ತೆರೆದೇ ಇತ್ತು, ಪಶ್ಚಿಮಕ್ಕೆ ಘಟ್ಟದ ಕಾಡು, ಅಲ್ಲಿಂದ ಕೊಲ್ಲೂರಿಗೂ ಕೋಗಾರಿಗೂ ರಸ್ತೆ ಇದೆ. ನನ್ನ ಅಜ್ಜಿಯ ತವರುಮನೆ ಈ ನೀರಿನಡಿ ಇದೆ. ಲಾಂಚಿನಲ್ಲಿ, ಅಂದರೆ ಜನ, ವಾಹನ ದಾಟಿಸುವ ದೋಣಿಯಲ್ಲಿ, ದಾಟುವಾಗೆಲ್ಲ ಅವರು ಒಂದೇ ದಿಕ್ಕಿಗೆ ನೋಡುತ್ತಾ ಕೂರುತ್ತಿದ್ದರು. ಹೆರಿಗೆ ನೋವು ಬಂದರೂ ಹಾವು ಕಚ್ಚಿದರೂ ಲಾಂಚಿಗೆ ಕಾಯಬೇಕಿದ್ದ ಜನ ಈ ಊರುಗಳವರು. ಸೇತುವೆ ಮೇಲೆ ಹೋಗುವಾಗ ಮಕ್ಕಳಿಗೆ ಇದನ್ನೂ ಹೇಳಿ.

ಮೊದಲ ದಿನ ಬೆಳಗ್ಗೆ ಆರಕ್ಕೆ ಹೊರಡಿ. ಆಯನೂರು, ಆನಂದಪುರ ದಾಟಿ ಸಾಗರದಲ್ಲಿ ತಿಂಡಿ. ಟ್ಯಾಂಕ್ ಅಲ್ಲೇ ಫುಲ್ ಮಾಡಿಸಿ, ಮುಂದೆ ಸಿಗುತ್ತದೆ ಅಂತ ನಂಬಬೇಡಿ. ಕೈಯಲ್ಲಿ ಸ್ವಲ್ಪ ನಗದೂ ಇರಲಿ, ನೆಟ್‌ವರ್ಕ್ ಇಲ್ಲದ ಕಡೆ ಫೋನ್‌ಪೇ ಆಗಲ್ಲ. ಮ್ಯಾಪನ್ನೂ ಸಾಗರದಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಆಮೇಲೆ ಇಕ್ಕೇರಿ, ಊರಿಂದ ಆರೇ ಕಿಲೋಮೀಟರ್. ಅಘೋರೇಶ್ವರ ದೇವಸ್ಥಾನದಲ್ಲಿ ಒಂದು ಗಂಟೆ ಕೂರಿ, ಅಪ್ಪ ಅಮ್ಮನಿಗೆ ಖಂಡಿತ ಇಷ್ಟವಾಗುತ್ತದೆ.

ಅಲ್ಲಿಂದ ಸಿಗಂದೂರು ಸೇತುವೆಗೆ. ಈ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ 2.44 ಕಿ.ಮೀ. ಉದ್ದ, 2025ರ ಜುಲೈ 14ರಂದು ಉದ್ಘಾಟನೆ ಆಯಿತು. ದಯವಿಟ್ಟು ಸೇತುವೆ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡಿ. ದಾಟಿ ಆಚೆ ದಡದಲ್ಲಿ ಜಾಗ ನೋಡಿ ನಿಲ್ಲಿಸಿದರೆ ನೋಟ ಇನ್ನೂ ಚೆನ್ನ. ಮತ್ತೆ ನೀರಿಗೆ ಮಾತ್ರ ಯಾರೂ ಇಳಿಯಬೇಡಿ. ದಡ ಮಟ್ಟಸವಾಗಿ ಕಾಣುತ್ತದೆ, ಎರಡು ಹೆಜ್ಜೆಗೆ ಕೆಸರು, ಮೂರನೆಯದಕ್ಕೆ ಆಳ. ಮುಳುಗಿದ ಕಾಡಿನ ಬೊಡ್ಡೆಗಳು ಒಳಗೆ ಇನ್ನೂ ಹಾಗೇ ಇವೆ. ಈಜು ಬರುತ್ತದೆ ಅನ್ನುವವರಿಗೇ ಇಲ್ಲಿ ಅಪಾಯ ಜಾಸ್ತಿ.

ಸಿಗಂದೂರಿನಲ್ಲಿ ಶನಿವಾರ, ಭಾನುವಾರ ರಶ್ ಇರುತ್ತದೆ. ಆದರೆ ಶುಕ್ರವಾರ, ಮಂಗಳವಾರವೂ ದೇವಿ ದಿನ ಅಲ್ವಾ, ಹಾಗಾಗಿ ಬುಧವಾರ ಗುರುವಾರ ನೋಡಿಕೊಂಡರೆ ನಿಮಗೆ ಆರಾಮ. ದರ್ಶನ, ಊಟ ಮುಗಿಸಿ ತುಮರಿ ಕಡೆ ಹೋಗಿ, ಮಧ್ಯಾಹ್ನದ ಮೇಲೆ ಎಲ್ಲೂ ಓಡಬೇಡಿ. ಹೋಂಸ್ಟೇ ಮೊದಲೇ ಫೋನ್ ಮಾಡಿ ಹಿಡಿಯಿರಿ. ನೀವು ಬರುವ ಹೊತ್ತಿಗೆ ಅಡಕೆ ಕೊಯ್ಲು ನಡೆಯುತ್ತಿರುತ್ತದೆ. ಹಂಡೆಯಲ್ಲಿ ಅಡಕೆ ಬೇಯುವ ಚೊಗರಿನ ವಾಸನೆ, ಅಂಗಳದ ತುಂಬಾ ಒಣಗಲು ಹರವಿದ ಕೆಂಪಡಕೆ, ರಾತ್ರಿ ಎಲ್ಲರೂ ಕೂತು ಸುಲಿಯುವುದು. ಪೇಟೆ ಮಕ್ಕಳಿಗೆ ಜಲಪಾತಕ್ಕಿಂತ ಅದು ಹೆಚ್ಚು ನೆನಪಿರುತ್ತದೆ ಅಂತ ನನ್ನ ಅನುಭವ. ಸಂಜೆ ಐದೂವರೆಗೆ ಹಿನ್ನೀರಿನ ದಡಕ್ಕೆ ಹೋಗಿ ಸುಮ್ನೆ ಕೂರಿ.

ಎರಡನೇ ದಿನಕ್ಕೆ ಎರಡು ದಾರಿ ಇದೆ. ಉತ್ತರಕ್ಕೆ ಹೋದರೆ ಬ್ಯಾಕೋಡು, ಕೋಗಾರು, ಅರಳಗೋಡು, ಕಾರ್ಗಲ್, ಜೋಗ, ತಾಳಗುಪ್ಪ, ಸಾಗರ. ಕಾಡು ಬಹಳ ಚೆಂದ, ಅದೃಷ್ಟ ಇದ್ದರೆ ಸಿಂಗಳೀಕ ಕಾಣಿಸುತ್ತದೆ, ತಿನ್ನಲು ಏನೂ ಕೊಡಬೇಡಿ. ಆದರೆ ರಸ್ತೆ ಕಿರಿದು, ತಿರುವು ಜಾಸ್ತಿ, ಅಮ್ಮನಿಗೆ ತಲೆ ಸುತ್ತುತ್ತದೆ ಅಂತ ನೀವೇ ಬರೆದಿದ್ದೀರಿ. ಜೋಗದಲ್ಲೂ ನವೆಂಬರ್ ಕೊನೆಗೆ ನೀರು ಎಳೆಯಾಗಿ ಇಳಿಯುತ್ತಿರುತ್ತದೆ ಅಷ್ಟೇ, ಫೋಟೋದಲ್ಲಿ ನೋಡಿದ ಜೋಗ ಬೇಕಿದ್ದರೆ ಮಳೆಗಾಲದಲ್ಲಿ ಬೇರೆಯಾಗಿ ಬನ್ನಿ. ಒಂದು ಆಗಸ್ಟಿನಲ್ಲಿ ನಾವು ಬ್ಯಾಕೋಡು ದಾಟಿ ಹೋಗುವಾಗ ಮರ ಅಡ್ಡ ಬಿದ್ದು, ಫೋನಿಗೆ ಸಿಗ್ನಲ್ ಇಲ್ಲದೆ, ಊರಿನವರು ಕತ್ತಿ ಗರಗಸ ತಂದು ಕಡಿದು ದಾರಿ ಬಿಡಿಸುವ ತನಕ ಎರಡು ಗಂಟೆ ಮಳೆಯಲ್ಲೇ ನಿಂತಿದ್ದೆವು. ಅವರು ಚಹಾ ಕೂಡ ಕೊಟ್ಟು ಕಳಿಸಿದರು.

ಹಾಗಾಗಿ ನಿಮಗೆ ನಾನು ಹೇಳುವುದು ದಕ್ಷಿಣದ ದಾರಿ. ತುಮರಿಯಿಂದ ಕೊಲ್ಲೂರು ದಾರಿ ಹಿಡಿದು ನಿಟ್ಟೂರು ಕಡೆ ತಿರುಗಿ, ಸಂಪೇಕಟ್ಟೆ ಮೇಲೆ ಹಾದು ನಗರ ಅನ್ನುವ ಊರಿಗೆ. ಕೊಡಚಾದ್ರಿ ಬಲಕ್ಕೆ ಕಾಣುತ್ತಿರುತ್ತದೆ. ಜೀಪಿನಲ್ಲಿ ಮೇಲೆ ಹೋಗೋಣ ಅಂತ ಮಕ್ಕಳು ಹಠ ಮಾಡುತ್ತಾರೆ, ಆದರೆ ಆ ಕುಲುಕಾಟ ವಯಸ್ಸಾದವರ ಬೆನ್ನಿಗೆ ಬೇಡವೇ ಬೇಡ. ನಗರದ ಕೋಟೆಗೆ ಒಂದೂವರೆ ಗಂಟೆ ಕೊಡಿ. ಇದೇ ಹಳೆಯ ಬಿದನೂರು, ಶಿವಪ್ಪ ನಾಯಕ ಆಳಿದ ಊರು, 1763ರಲ್ಲಿ ಹೈದರಾಲಿ ಹಿಡಿದು ತನ್ನ ಹೆಸರಿಟ್ಟ. ಅಲ್ಲೇ ಹತ್ತಿರ ದೇವಗಂಗೆಯ ಕೊಳ ಇದೆ. ಕೆಳದಿ ಅರಸರ ರಾಜಧಾನಿ ಕೆಳದಿಯಿಂದ ಇಕ್ಕೇರಿಗೆ, ಅಲ್ಲಿಂದ ಇಲ್ಲಿಗೆ ಬಂದಿದ್ದು. ಮೊದಲ ದಿನ ಬೇಗ ಸಾಗರ ಸೇರಿದರೆ ಕೆಳದಿಯನ್ನೂ ನೋಡಿಬಿಡಿ, ಮೂರೂ ಒಂದೇ ಸುತ್ತಿನಲ್ಲಿ ಆಗುತ್ತವೆ. ನಗರದಿಂದ ಹೊಸನಗರ, ಹೊತ್ತಿದ್ದರೆ ಪಟಗುಪ್ಪ ಸೇತುವೆ ತನಕ ಹೋಗಿ ಅದೇ ಹಿನ್ನೀರನ್ನು ಈ ಕಡೆಯಿಂದ ನೋಡಿ, ಇಲ್ಲದಿದ್ದರೆ ನೇರ ರಿಪ್ಪನ್‌ಪೇಟೆ ಮೇಲೆ ಶಿವಮೊಗ್ಗ.

ಕತ್ತಲಾದ ಮೇಲೆ ಕಾಡಿನ ರಸ್ತೆಯಲ್ಲಿ ಓಡಿಸಬೇಡಿ. ತಿರುವಿನಲ್ಲಿ ಕಾಡುಕೋಣ ನಿಂತಿದ್ದರೆ ಹತ್ತಿರ ಹೋಗುವ ತನಕ ಗೊತ್ತಾಗಲ್ಲ. ಬೆಳಗ್ಗೆ ಎಂಟರ ತನಕ ಮಂಜೂ ಇರುತ್ತದೆ. ಸ್ಟೆಪ್ನಿಗೆ ಗಾಳಿ ನೋಡಿಕೊಳ್ಳಿ.

ಮಕ್ಕಳಿಗೆ ಲಾಂಚ್ ಹತ್ತುವ ಆಸೆ ಇದ್ದರೆ ಹಸಿರುಮಕ್ಕಿ ಅಥವಾ ಮುಪ್ಪಾನೆಯಲ್ಲಿ ಅವತ್ತು ಓಡುತ್ತಿದೆಯಾ ಅಂತ ಮೊದಲು ವಿಚಾರಿಸಿ ಹೋಗಿ, ನೀರು ಇಳಿದಾಗ ನಿಲ್ಲಿಸುತ್ತಾರೆ. ಹೊರಡುವ ಎರಡು ದಿನ ಮೊದಲು ಇಲ್ಲೇ ಒಂದು ಮೆಸೇಜ್ ಹಾಕಿ. ನಿಟ್ಟೂರು ಕಡೆ ನಮ್ಮ ಭಾವನ ಮನೆ ಇದೆ, ರಸ್ತೆ ಹೇಗಿದೆ ಅಂತ ಕೇಳಿ ತಿಳಿಸುತ್ತೇನೆ.