ಒಂದು ಸದ್ದಿಲ್ಲದ ಊರು, ಒಂದು ಗಿಜಿಗುಡುವ ಬಂದರು: ಮೂಡುಬಿದಿರೆ ಮತ್ತು ಮಂಗಳೂರು

ಎರಡು ದಿನ ರಜೆ ಇದೆ, ಒಂದು ಶಾಂತವಾದ ಸಣ್ಣ ಊರು, ಒಂದು ಗದ್ದಲದ ನದಿ ಬಂದರು, ಎರಡೂ ಕರ್ನಾಟಕದಲ್ಲೇ ಹತ್ತಿರ ಹತ್ತಿರ ಸಿಗುತ್ತವಾ ಅಂತ ಕೇಳಿದ್ದೀರಿ. ಧಾರಾಳವಾಗಿ ಸಿಗುತ್ತವೆ. ಮೂಡುಬಿದಿರೆ ಮತ್ತು ಮಂಗಳೂರಿನ ಹಳೆ ಬಂದರು. ನಡುವೆ ಸುಮಾರು 35 ಕಿ.ಮೀ. ಅಷ್ಟೇ.

ಮೊದಲೇ ಹೇಳಿಬಿಡುತ್ತೇನೆ, ಮೂಡುಬಿದಿರೆ ಬಸ್ ಸ್ಟ್ಯಾಂಡಲ್ಲಿ ಇಳಿದ ಕೂಡಲೇ 'ಎಲ್ಲಿದೆ ಶಾಂತಿ?' ಅನ್ನಬೇಡಿ. ಕಾಲೇಜುಗಳು ಬಂದ ಮೇಲೆ ಪೇಟೆ ರಸ್ತೆಯಲ್ಲಿ ಮಕ್ಕಳದ್ದೇ ಜಾತ್ರೆ. ಬಸದಿಗಳ ಬೀದಿಗೆ ತಿರುಗಿ, ಅಲ್ಲಿ ಬೇರೆಯೇ ಊರು. ಹದಿನೆಂಟು ಬಸದಿಗಳಿವೆ. ಎಲ್ಲವನ್ನೂ ನೋಡುವ ಹಟ ಬೇಡ, ಸಾವಿರ ಕಂಬದ ಬಸದಿಗೆ ಅರ್ಧ ದಿನ ಕೊಡಿ. 1430ರಲ್ಲಿ ಕಟ್ಟಿದ್ದು. ಒಂದು ಕಂಬದ ಕೆತ್ತನೆ ಇನ್ನೊಂದಕ್ಕಿಲ್ಲ ಅನ್ನುತ್ತಾರೆ. ನಾನು ಹೋದಾಗಲೆಲ್ಲ ಸುಮ್ನೆ ಕೂತು ಹೋಲಿಸಿ ನೋಡುವುದು ರೂಢಿ.

ಕಂಬ ನೋಡುತ್ತಾ ತಲೆ ಎತ್ತಿಕೊಂಡೇ ಹೋಗಬೇಡಿ. ಎದುರಿನ ಭೈರಾದೇವಿ ಮಂಟಪದ ಬುಡದ ಕಲ್ಲುಗಳನ್ನು ಬಗ್ಗಿ ನೋಡಿ. ಆನೆ, ಕುದುರೆಗಳ ಜೊತೆಗೆ ಅಲ್ಲೊಂದು ಜಿರಾಫೆ ಇದೆ! ಚೀನಾದ ಡ್ರ್ಯಾಗನ್ ಕೂಡ ಇದೆ. ಕರಾವಳಿಯ ಒಳನಾಡಿನ ಶಿಲ್ಪಿಗೆ ಆಫ್ರಿಕಾದ ಪ್ರಾಣಿ ಎಲ್ಲಿಂದ ಗೊತ್ತಾಯಿತು? ಹಡಗಿನ ದಾರಿಯಲ್ಲೇ ಬಂದಿರಬೇಕು, ಅಲ್ವಾ? ಈ ಬಸದಿಗೆ ದುಡ್ಡು ಹಾಕಿದವರಲ್ಲಿ ಊರಿನ ಸೆಟ್ಟರೂ ಇದ್ದರು, ವ್ಯಾಪಾರದ ಜನ. 14ನೇ ಶತಮಾನದಲ್ಲಿ ಮಂಗಳೂರಿಗೆ ಬಂದಿದ್ದ ಮೊರಾಕೊದ ಪ್ರವಾಸಿ ಇಬ್ನ್ ಬತೂತ, ಇಲ್ಲಿ ಪರ್ಷಿಯಾ, ಯೆಮನ್ ಕಡೆಯ ವ್ಯಾಪಾರಿಗಳು ಇಳಿಯುತ್ತಾರೆ, ಕಾಳುಮೆಣಸು ಮತ್ತು ಶುಂಠಿ ಹೇರಳ ಅಂತ ಬರೆದಿದ್ದಾನೆ. ಹಾಗಾಗಿ ನನ್ನ ಲೆಕ್ಕದಲ್ಲಿ ಇವೆರಡು ಒಂದಕ್ಕೊಂದು ವಿರುದ್ಧವಾದ ಊರುಗಳೇ ಅಲ್ಲ. ಬಂದರಿನ ಗದ್ದಲ ದುಡಿದದ್ದರಲ್ಲಿ ಒಂದು ಪಾಲು ಮೂಡುಬಿದಿರೆಯಲ್ಲಿ ಕಲ್ಲಾಗಿ ನಿಂತಿದೆ. ಸಮಯ ಉಳಿದರೆ ಮೂಡುಬಿದಿರೆ ಪಕ್ಕದ ಕೊಡಂಗಲ್ಲಿನ ಜೈನ ಸಮಾಧಿಗಳನ್ನೂ ನೋಡಿ ಬನ್ನಿ.

ಇನ್ನು ಮಂಗಳೂರು. ಬಂದರು ಅಂದರೆ ತುಂಬಾ ಜನ ಪಣಂಬೂರಿಗೆ ಹೋಗುತ್ತಾರೆ. ಅದು 1975ರಲ್ಲಿ ಉದ್ಘಾಟನೆಯಾದ ನವಮಂಗಳೂರು ಬಂದರು, ದೊಡ್ಡ ಹಡಗುಗಳದ್ದು, ಒಳಗೆ ಸುಮ್ನೆ ಬಿಡುವುದಿಲ್ಲ. ನಿಮಗೆ ಬೇಕಾದ ನದಿ ಬಂದರು ಇರುವುದು ಬಂದರ್ ಪೇಟೆಯ ಪಕ್ಕ, ಗುರುಪುರ ನದಿಯ ದಡದಲ್ಲಿ. ಅಲ್ಲೇ ಕೆಳಗೆ ನೇತ್ರಾವತಿಯೂ ಬಂದು ಸೇರಿ ಎರಡೂ ಒಂದೇ ಅಳಿವೆಯಲ್ಲಿ ಸಮುದ್ರಕ್ಕೆ ಹೋಗುತ್ತವೆ. ನದಿ ತರುವ ಹೂಳು, ಅಳಿವೆಯ ಮರಳು ದಿಬ್ಬ, ಇವುಗಳಿಂದ ದೊಡ್ಡ ಹಡಗು ಒಳಗೆ ಬರುವಂತಿರಲಿಲ್ಲ. ಈಗಲೂ ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೋಗುವುದು ಇಲ್ಲಿಂದಲೇ.

ಧಕ್ಕೆಗೆ, ಅಂದರೆ ಮೀನಿನ ಬೋಟುಗಳು ಬಂದು ನಿಲ್ಲುವ ಕಟ್ಟೆಗೆ, ಬೆಳಗಾಗುವ ಮೊದಲೇ ಹೋಗಿ. ಬೋಟುಗಳು ಒಂದರ ಮೈಗೆ ಒಂದು ತಾಗಿಕೊಂಡು ನಿಂತಿರುತ್ತವೆ. ಬುಟ್ಟಿ ಬುಟ್ಟಿ ಬಂಗುಡೆ, ಬೂತಾಯಿ ಇಳಿಯುತ್ತವೆ, ಏಲಂ ಕೂಗುವವನ ಸುತ್ತ ಮೀನು ಮಾರುವ ಹೆಂಗಸರು. ತುಳು, ಬ್ಯಾರಿ, ಕೊಂಕಣಿ, ಕನ್ನಡ ಎಲ್ಲ ಒಟ್ಟಿಗೆ ಕಿವಿಗೆ ಬೀಳುತ್ತದೆ. ದಾರಿಯಲ್ಲಿ ನಿಂತು ಫೋಟೋ ತೆಗೆಯಲು ಹೋದರೆ ಐಸ್ ಬಾಕ್ಸ್ ಎಳೆಯುವವರ ಬೈಗುಳ ಖಾತ್ರಿ, ಅದರಲ್ಲಿ ತಪ್ಪೇನೂ ಇಲ್ಲ. ಆಮೇಲೆ ನದಿಯ ಆಚೆ ದಡದ ಬೆಂಗ್ರೆಗೆ ಹೋಗುವ ದೋಣಿ ಹತ್ತಿ. ನೀರಿನ ಮಧ್ಯದಿಂದ ನೋಡಿದರೇ ಬಂದರಿನ ಉದ್ದ ಗೊತ್ತಾಗುವುದು.

ಜೂನ್, ಜುಲೈ ತಪ್ಪಿಸಿ. ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುತ್ತದೆ, ಬೋಟುಗಳು ಕಟ್ಟಿ ಹಾಕಿರುತ್ತವೆ. ಮೊದಲ ದಿನ ಮೂಡುಬಿದಿರೆ ನೋಡಿ, ರಾತ್ರಿ ಮಂಗಳೂರಲ್ಲೇ ಉಳಿಯಿರಿ, ಆಗ ಬೆಳಗಿನ ಏಲಂ ತಪ್ಪುವುದಿಲ್ಲ. ಹಾಂ, ಧಕ್ಕೆಗೆ ಒಳ್ಳೆ ಚಪ್ಪಲಿ ಹಾಕಿಕೊಂಡು ಹೋಗಬೇಡಿ.