ಪಾಠ ಹೇಳಲು ಹೋದರೆ ವೇದಿಕೆ ತಪ್ಪುತ್ತದೆಯೇ?

ಜಾಝ್ ಸಂಗೀತದ ಡಬಲ್ ಬಾಸ್ (ಪಿಟೀಲಿನ ಜಾತಿಯ, ಆಳೆತ್ತರದ ತಂತಿವಾದ್ಯ) ಕಲಿಯುತ್ತಿರುವ ನಿಮ್ಮ ಮಗಳು ಮುಂದೆ ಮೇಷ್ಟ್ರ ಕೆಲಸ ಹಿಡಿದರೆ ವಾದಕಿಯಾಗಿ ಹಿಂದೆ ಬೀಳುತ್ತಾಳಾ ಎಂದು ಕೇಳಿದ್ದೀರಿ. ಹಾಗೇನೂ ಇಲ್ಲ ಸರ್. ಅಮೆರಿಕದ ಬಾಸ್ ವಾದಕ ರಿಚರ್ಡ್ ಡೇವಿಸ್ ಅವರನ್ನೇ ನೋಡಿ.

1930ರಲ್ಲಿ ಶಿಕಾಗೊದಲ್ಲಿ ಹುಟ್ಟಿದವರು. ಹೈಸ್ಕೂಲಿನಲ್ಲೇ ವಾಲ್ಟರ್ ಡಯಟ್‌ರಂಥ ಗುರು ಸಿಕ್ಕಿದ್ದು ಅವರ ಭಾಗ್ಯ. ಮುಂದೆ ನ್ಯೂಯಾರ್ಕ್‌ಗೆ ಹೋಗಿ ಗಾಯಕಿ ಸಾರಾ ವಾನ್ ಜೊತೆ ವರ್ಷಗಟ್ಟಲೆ ನುಡಿಸಿದರು, ಸ್ಯಾಕ್ಸೊಫೋನ್ ವಾದಕ ಎರಿಕ್ ಡಾಲ್ಫಿ ಜೊತೆ ರೆಕಾರ್ಡ್ ಮಾಡಿದರು. ಸ್ಟ್ರಾವಿನ್ಸ್ಕಿ, ಬರ್ನ್‌ಸ್ಟೈನ್ ನಿರ್ದೇಶನದ ಆರ್ಕೆಸ್ಟ್ರಾಗಳಲ್ಲೂ ಕೂತರು. 1977ರಲ್ಲಿ ಮ್ಯಾಡಿಸನ್‌ನ ವಿಸ್ಕಾನ್ಸಿನ್ ವಿಶ್ವವಿದ್ಯಾಲಯ ಸೇರಿ 2016ರವರೆಗೂ ಪಾಠ ಹೇಳಿದರು. ನುಡಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. 1993ರಲ್ಲಿ ಎಳೆಯ ಬಾಸ್ ವಾದಕರಿಗಾಗಿಯೇ ಒಂದು ಪ್ರತಿಷ್ಠಾನ ಕಟ್ಟಿದರು. 2014ರಲ್ಲಿ ಅಮೆರಿಕ ಸರ್ಕಾರದ 'ಜಾಝ್ ಮಾಸ್ಟರ್' ಗೌರವ ಬಂತು. 2023ರಲ್ಲಿ, 93ನೇ ವಯಸ್ಸಿನಲ್ಲಿ ತೀರಿಕೊಂಡರು.

ನನಗೆ ಅವರಲ್ಲಿ ತುಂಬಾ ಇಷ್ಟವಾಗುವುದು ಕಮಾನಿನ, ಅಂದರೆ ಪಿಟೀಲಿನಂತೆ ತಂತಿಯ ಮೇಲೆ ಎಳೆಯುವ ಬಿಲ್ಲಿನ ಕೆಲಸ. ಜಾಝ್‌ನಲ್ಲಿ ಬಾಸ್ ಎಂದರೆ ಹೆಚ್ಚಾಗಿ ಬೆರಳಿನಿಂದ ಮೀಟುವುದೇ. ಮೀಟಿದ ನಾದ ಬೇಗ ಅಡಗುತ್ತದೆ, ಶ್ರುತಿ ಸ್ವಲ್ಪ ಆಚೀಚೆ ಆದರೂ ಮುಚ್ಚಿಹೋಗುತ್ತದೆ. ವೀಣೆಗಿರುವಂತೆ ಬೆರಳಿಡುವ ಜಾಗ ತೋರಿಸುವ ಮೆಟ್ಟುಗಳೂ ಇದಕ್ಕೆ ಇಲ್ಲ. ಅದೇ ಸ್ವರವನ್ನು ಕಮಾನಿನಿಂದ ನಿಧಾನವಾಗಿ ಎಳೆದರೆ ತಪ್ಪು ಕಿವಿಗೆ ಹೊಡೆಯುತ್ತದೆ. ಬೆರಳು ಕೂದಲೆಳೆಯಷ್ಟು ಸರಿದರೂ ಗೊತ್ತಾಗುತ್ತದೆ.

ಡೇವಿಸ್ ಎರಡನ್ನೂ ಬಲ್ಲವರು, ಎರಡನ್ನೂ ಕಲಿಸಿದವರು. ಅದಕ್ಕೇ ಹೇಳುತ್ತೇನೆ, ಮಗಳಿಗೆ ಗುರು ಹುಡುಕುವಾಗ "ಕಮಾನೂ ಕಲಿಸ್ತೀರಾ?" ಅಂತ ಮೊದಲೇ ಕೇಳಿಬಿಡಿ.