ಓದುಗರ ಪ್ರಶ್ನೆ, ನಮ್ಮ ಉತ್ತರ: ನೀರಿನ ಗೆರೆಯ ಕೆಳಗಿನ ದೋಣಿ

ನದಿ, ಕಾಲುವೆ, ಸರೋವರಗಳಂಥ ಒಳನಾಡಿನ ನೀರಿನಲ್ಲಿ ಸ್ವಂತ ದೋಣಿ ಇಟ್ಟುಕೊಳ್ಳುವ ಬಗ್ಗೆ ಬಂದ ಪತ್ರಗಳಿಂದ ಐದನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಪತ್ರಗಳನ್ನು ಸಂಕ್ಷೇಪಿಸಿ ಕೊಡಲಾಗಿದೆ.

ಪ್ರಶ್ನೆ: ಮಾನ್ಯರೇ, ಇಪ್ಪತ್ತು ವರ್ಷ ಹಳೆಯದಾದ ಉಕ್ಕಿನ ದೋಣಿಯೊಂದನ್ನು ಕೊಳ್ಳುವ ಯೋಚನೆಯಲ್ಲಿದ್ದೇನೆ. ಎಂಜಿನ್ ಹೊಸದು, ಒಳಗಿನ ಕೋಣೆ ಅಚ್ಚುಕಟ್ಟಾಗಿದೆ, ಬಣ್ಣವೂ ಹೊಸದು. ದೋಣಿ ನೀರಿನಲ್ಲಿಯೇ ಇದೆ. ಮೇಲೆತ್ತಿ ನೋಡುವುದು ಅನಗತ್ಯ ಖರ್ಚು ಎಂದು ಮಾರುವವರು ಹೇಳುತ್ತಾರೆ. ಅವರ ಮಾತನ್ನು ಒಪ್ಪಬಹುದೇ?

ಉತ್ತರ: ದಯವಿಟ್ಟು ಒಪ್ಪಬೇಡಿ. ನೀವು ಹೆಸರಿಸಿರುವ ಎಂಜಿನ್, ಕೋಣೆ, ಬಣ್ಣ ಈ ಮೂರೂ ನೀರಿನ ಗೆರೆಯ ಮೇಲಿನವು ಅಥವಾ ಒಳಗಿನವು, ಮತ್ತು ಮೂರನ್ನೂ ಮುಂದೆ ನೀವೇ ಬದಲಾಯಿಸಿಕೊಳ್ಳಬಹುದು. ಬದಲಾಯಿಸಲು ಕಷ್ಟವಾದದ್ದು ದೋಣಿಯ ತಳ. ಅದನ್ನೇ ನೀವು ಇನ್ನೂ ನೋಡಿಲ್ಲ. ದೋಣಿಯನ್ನು ಮೇಲೆತ್ತಿಸಿ, ಮಾರುವವರಿಗೂ ಕೊಳ್ಳುವವರಿಗೂ ಸಂಬಂಧಪಡದ ಒಬ್ಬ ಪರೀಕ್ಷಕರಿಂದ ತಳದ ದಪ್ಪವನ್ನು ಅಳೆಸಬೇಕು. ಶ್ರವಣಾತೀತ ಅಲೆಗಳಿಂದ ದಪ್ಪ ಅಳೆಯುವ ಉಪಕರಣವನ್ನು ತಳದ ಹತ್ತಾರು ಕಡೆ ಇಟ್ಟು ನೋಡಿದಾಗ ಉಕ್ಕು ಎಲ್ಲಿ ತೆಳುವಾಗಿದೆ ಎಂಬುದು ತಿಳಿಯುತ್ತದೆ. ಬ್ರಿಟನ್ನಿನ ಕಾಲುವೆಗಳ ಕಿರಿದಾದ ಉಕ್ಕಿನ ದೋಣಿಗಳಲ್ಲಿ ಈಗ ಸಾಮಾನ್ಯವಾಗಿ ತಳಕ್ಕೆ 10 ಮಿ.ಮೀ., ಪಕ್ಕಗಳಿಗೆ 6 ಮಿ.ಮೀ., ಮೇಲಿನ ಕೋಣೆಗೆ 4 ಮಿ.ಮೀ. ದಪ್ಪದ ಹಾಳೆಯನ್ನು ಬಳಸುತ್ತಾರೆ. ನಿಮ್ಮ ದೋಣಿ ಕಟ್ಟುವಾಗ ಎಷ್ಟು ದಪ್ಪದ ಹಾಳೆ ಬಳಸಿದ್ದರು ಎಂಬ ಕಾಗದವಿದ್ದರೆ, ಇಪ್ಪತ್ತು ವರ್ಷಗಳಲ್ಲಿ ಎಷ್ಟು ಸವೆದಿದೆ ಎಂಬ ಲೆಕ್ಕ ಸಿಗುತ್ತದೆ.

ಆದರೆ ಸರಾಸರಿ ದಪ್ಪವನ್ನು ಮಾತ್ರ ನಂಬಿ ಕೂರಬೇಡಿ. ಉಕ್ಕು ಎಲ್ಲೆಡೆ ಸಮನಾಗಿ ಸವೆಯುವುದಿಲ್ಲ. ಸಿಡುಬಿನ ಕಲೆಗಳಂತೆ ಅಲ್ಲಲ್ಲಿ ಆಳವಾದ ಗುಳಿಗಳು ಬೀಳುತ್ತವೆ, ಮತ್ತು ದೋಣಿ ಸೋರುವುದು ಅಂಥ ಅತಿ ಆಳದ ಒಂದು ಗುಳಿಯಿಂದಲೇ. ಗಾಳಿಯೂ ನೀರೂ ಸೇರುವ ನೀರಿನ ಗೆರೆಯ ಪಟ್ಟಿಯನ್ನು, ಕಾಲುವೆಯ ದಂಡೆಗೆ ಉಜ್ಜುವ ಅಂಚುಗಳನ್ನು, ಬೆಸುಗೆಗಳನ್ನು ವಿಶೇಷವಾಗಿ ನೋಡಿಸಿ. ಒಳಗಡೆಯಿಂದಲೂ ತುಕ್ಕು ತಿನ್ನುತ್ತದೆ ಎಂಬುದನ್ನು ಅನೇಕರು ಮರೆಯುತ್ತಾರೆ. ಸ್ನಾನದ ಕೋಣೆಯಿಂದ ಜಿನುಗಿದ ನೀರು, ಕಿಟಕಿಯ ಸಂದಿನಿಂದ ಇಳಿದ ಮಳೆನೀರು, ಚಳಿಯ ಗೋಡೆಗೆ ತಾಗಿ ಹನಿಗಟ್ಟಿದ ಆವಿ ಎಲ್ಲವೂ ನೆಲದ ಹಲಗೆಯ ಕೆಳಗೆ ಹೋಗಿ ನಿಲ್ಲುತ್ತವೆ. ಹಿಂಬದಿಯ ಒಂದು ಹಲಗೆಯನ್ನು ಎತ್ತಿಸಿ ಕೈಯಿಟ್ಟು ನೋಡಿ. ಒಣಗಿದ್ದರೆ ಆ ದೋಣಿಯ ಹಿಂದಿನ ಯಜಮಾನರು ಕಾಳಜಿಯವರು ಎಂದು ನಾನು ಅರ್ಧ ನಂಬುತ್ತೇನೆ.

ಮಾರುವವರು ಯಾವ ಕಾರಣಕ್ಕೂ ಮೇಲೆತ್ತಲು ಒಪ್ಪದಿದ್ದರೆ, ಆ ದೋಣಿಯನ್ನು ಬಿಟ್ಟು ಇನ್ನೊಂದನ್ನು ನೋಡಿ.

ಪ್ರಶ್ನೆ: ನಾನು ದೋಣಿ ನಡೆಸುವುದಕ್ಕೆ ಹೊಸಬ. ಅಗಲವಾದ ನದಿಯಲ್ಲಿ ದೋಣಿ ಚೆನ್ನಾಗಿಯೇ ಓಡುತ್ತದೆ. ಕಾಲುವೆಗೆ ಬಂದೊಡನೆ ಎಂಜಿನ್ ಎಷ್ಟು ಜೋರು ಮಾಡಿದರೂ ಮುಂದೆ ಹೋಗದು; ಹಿಂಭಾಗ ಕುಸಿದಂತಾಗುತ್ತದೆ, ಚುಕ್ಕಾಣಿ ಮಾತು ಕೇಳುವುದಿಲ್ಲ. ಎಂಜಿನ್ ಚಿಕ್ಕದಾಯಿತೇ? ದೊಡ್ಡದನ್ನು ಹಾಕಿಸಬೇಕೇ?

ಉತ್ತರ: ಎಂಜಿನ್ನಿನಲ್ಲಿ ದೋಷವಿಲ್ಲ. ಕಾಲುವೆಯಲ್ಲಿ ನೀರಿಗೆ ಸರಿಯಲು ಜಾಗ ಸಾಲುತ್ತಿಲ್ಲ. ದೊಡ್ಡ ಎಂಜಿನ್ ಹಾಕಿಸಿದರೆ ತೊಂದರೆ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು.

ದೋಣಿ ಒಂದು ಮಾರು ಮುಂದೆ ಹೋಗಬೇಕಾದರೆ ಅದರ ಮುಂದಿರುವ ಅಷ್ಟೇ ಗಾತ್ರದ ನೀರು ಹಿಂದಕ್ಕೆ ಬರಬೇಕು. ನದಿಯಲ್ಲಿ ಆ ನೀರು ಅಕ್ಕಪಕ್ಕದಲ್ಲಿ, ಅಡಿಯಲ್ಲಿ ಸಲೀಸಾಗಿ ಹರಿದು ಬರುತ್ತದೆ. ಕಿರಿದಾದ, ಆಳವಿಲ್ಲದ ಕಾಲುವೆಯಲ್ಲಿ ಅದು ತಳಕ್ಕೂ ಮಣ್ಣಿಗೂ ನಡುವಿನ ಸಣ್ಣ ಸಂದಿನಲ್ಲಿ ನುಗ್ಗಬೇಕಾಗುತ್ತದೆ. ವೇಗವಾಗಿ ಹರಿಯುವ ನೀರಿನ ಒತ್ತಡ ಕುಸಿಯುತ್ತದೆ, ದೋಣಿಯ ಸುತ್ತ ನೀರಿನ ಮಟ್ಟ ಇಳಿಯುತ್ತದೆ, ದೋಣಿಯೂ ಅದರೊಂದಿಗೆ ಇಳಿಯುತ್ತದೆ. ಇಳಿದಷ್ಟೂ ಸಂದು ಇನ್ನೂ ಕಿರಿದಾಗುತ್ತದೆ. ಹೀಗಿರುವಾಗ ನೀವು ಎಂಜಿನ್ನನ್ನು ಜೋರು ಮಾಡಿದರೆ ಪ್ರೊಪೆಲರ್ ತನ್ನ ಸುತ್ತಲಿನ ನೀರನ್ನೇ ಹಿಂದಕ್ಕೆ ಎಳೆದೊಗೆದು ಹಿಂಭಾಗವನ್ನು ಮತ್ತಷ್ಟು ಕುಸಿಯುವಂತೆ ಮಾಡುತ್ತದೆ. ತಳದ ಹೂಳು ಎದ್ದು ನೀರು ಕದಡಿ, ದೋಣಿಯ ಹಿಂದೆ ಕಂದು ಬಣ್ಣದ ಸುಳಿ ಕಾಣಿಸಿದರೆ ಅದೇ ಕಾರಣ.

ಇದಕ್ಕೆ ಇನ್ನೊಂದು ಮಿತಿಯೂ ಇದೆ. ಆಳವಿಲ್ಲದ ನೀರಿನಲ್ಲಿ ಉದ್ದನೆಯ ಅಲೆಯೊಂದು ಎಷ್ಟು ವೇಗದಲ್ಲಿ ಓಡಬಲ್ಲದು ಎಂಬುದನ್ನು ಆಳವೇ ನಿರ್ಧರಿಸುತ್ತದೆ: 1 ಮೀಟರ್ ಆಳದಲ್ಲಿ ಗಂಟೆಗೆ ಸುಮಾರು 11 ಕಿ.ಮೀ., 1.5 ಮೀಟರ್ ಆಳದಲ್ಲಿ ಸುಮಾರು 14 ಕಿ.ಮೀ. ದೋಣಿ ಆ ವೇಗದ ಹತ್ತಿರ ಬರುವ ಹೊತ್ತಿಗೆ ತಾನೇ ಎಬ್ಬಿಸಿದ ಅಲೆಯನ್ನು ಏರಿ ದಾಟಲಾಗದೆ ಅದರ ಹಿಂದೆ ಸಿಕ್ಕಿಕೊಳ್ಳುತ್ತದೆ. ಈ ಅಲೆಯ ಸ್ವಭಾವವನ್ನು ಮೊದಲು ಗಮನಿಸಿ ಬರೆದಿಟ್ಟವರು ಸ್ಕಾಟ್ಲೆಂಡಿನ ಎಂಜಿನಿಯರ್ ಜಾನ್ ಸ್ಕಾಟ್ ರಸೆಲ್. 1834ರ ಆಗಸ್ಟಿನಲ್ಲಿ ಎಡಿನ್‌ಬರೋ ಬಳಿಯ ಯೂನಿಯನ್ ಕಾಲುವೆಯಲ್ಲಿ ಎರಡು ಕುದುರೆಗಳು ಎಳೆಯುತ್ತಿದ್ದ ದೋಣಿ ತಟ್ಟನೆ ನಿಂತಾಗ, ಅದರ ಮುಂದೆ ಒಟ್ಟಾಗಿದ್ದ ನೀರು ನಿಲ್ಲದೆ, ನುಣ್ಣನೆಯ ಒಂಟಿ ಅಲೆಯಾಗಿ ಮುಂದೆ ಓಡಿತು. ಸುಮಾರು ಒಂಬತ್ತು ಮೀಟರ್ ಉದ್ದ, ಒಂದೂವರೆ ಅಡಿಗಿಂತ ಹೆಚ್ಚಿಲ್ಲದ ಎತ್ತರ. ಗಂಟೆಗೆ ಎಂಟೊಂಬತ್ತು ಮೈಲಿ ವೇಗದ ಆ ಅಲೆಯನ್ನು ಅವರು ಕುದುರೆಯೇರಿ ಒಂದೆರಡು ಮೈಲಿ ಬೆನ್ನಟ್ಟಿ, ಕಾಲುವೆಯ ತಿರುವುಗಳಲ್ಲಿ ಕಳೆದುಕೊಂಡರು. ಭೌತಶಾಸ್ತ್ರದಲ್ಲಿ ಇಂದು ಸಾಲಿಟಾನ್ ಎಂದು ಕರೆಯುವ ಅಲೆಯ ಅಧ್ಯಯನ ಆರಂಭವಾದದ್ದು ಹಾಗೆ. ನಿಮ್ಮ ದೋಣಿಯನ್ನು ತಡೆಯುತ್ತಿರುವ ನೀರಿನ ಗುಡ್ಡೆಯೂ ಅದೇ ಬಳಗದ್ದು ಎಂಬುದು ನನಗೆ ಯಾವಾಗಲೂ ಸಂತೋಷದ ಸಂಗತಿ.

ಮಾಡಬೇಕಾದದ್ದು ಸುಲಭ. ಎಂಜಿನ್ನನ್ನು ಇಳಿಸಿ. ನೀರು ಹಿಂದಿರುಗಿ ದೋಣಿ ಏಳುತ್ತದೆ, ಚುಕ್ಕಾಣಿ ಮತ್ತೆ ಮಾತು ಕೇಳುತ್ತದೆ, ಮತ್ತು ಎಷ್ಟೋ ಸಲ ಮೊದಲಿಗಿಂತ ಬೇಗ ಮುಂದೆ ಹೋಗುತ್ತೀರಿ. ವೇಗ ಸರಿಯಿದೆಯೇ ಎಂದು ತಿಳಿಯಲು ದಂಡೆಯನ್ನು ನೋಡಿ: ನಿಮ್ಮ ಅಲೆ ದಂಡೆಯಲ್ಲಿ ನೊರೆಯಾಗಿ ಒಡೆಯುತ್ತಿದ್ದರೆ, ಅಥವಾ ದೋಣಿ ಬರುವ ಮುಂಚೆಯೇ ದಂಡೆಯ ನೀರು ಇಳಿದು ಕೆಸರು ಕಾಣಿಸುತ್ತಿದ್ದರೆ ವೇಗ ಹೆಚ್ಚಾಯಿತು. ದಂಡೆಗೆ ಕಟ್ಟಿರುವ ದೋಣಿಗಳನ್ನು ದಾಟುವಾಗಲಂತೂ ಬಹಳ ಮೊದಲೇ ನಿಧಾನಿಸಬೇಕು. ನಿಮ್ಮ ದೋಣಿ ಎಳೆದೊಯ್ಯುವ ನೀರು ಅವರ ಗೂಟಗಳನ್ನು ಕಿತ್ತುಹಾಕಬಲ್ಲದು. ಆ ಹೊತ್ತಿನಲ್ಲಿ ಒಳಗೆ ಯಾರೋ ಒಲೆಯ ಮೇಲೆ ಕುದಿಯುವ ನೀರಿಟ್ಟಿರಬಹುದು.

ಒಮ್ಮೆ ನಿಧಾನಿಸಿದ ಮೇಲೂ ದೋಣಿ ಎಳೆಯದಿದ್ದರೆ ಪ್ರೊಪೆಲರಿಗೆ ಹಗ್ಗವೋ ಬಟ್ಟೆಯೋ ಜೊಂಡೋ ಸುತ್ತಿಕೊಂಡಿರಬೇಕು. ಬಿಡಿಸುವ ಮೊದಲು ಎಂಜಿನ್ ನಿಲ್ಲಿಸಿ, ಬೀಗದ ಕೈಯನ್ನು ತೆಗೆದು ನಿಮ್ಮ ಜೇಬಿನಲ್ಲಿಯೇ ಇಟ್ಟುಕೊಳ್ಳಿ. ಕೆಲವು ದೋಣಿಗಳಲ್ಲಿ ಒಳಗಿನಿಂದಲೇ ಕೈ ಹಾಕಿ ಬಿಡಿಸಲು ಮುಚ್ಚಳವಿರುವ ಕಿಂಡಿಯೊಂದನ್ನು ಇಟ್ಟಿರುತ್ತಾರೆ. ಕೆಲಸ ಮುಗಿದ ಮೇಲೆ ಆ ಮುಚ್ಚಳವನ್ನು ಬಿಗಿಯಾಗಿ ಕೂರಿಸದೆ ಎಂಜಿನ್ ಶುರು ಮಾಡಿದರೆ ಪ್ರೊಪೆಲರ್ ಚಿಮ್ಮಿಸುವ ನೀರು ಎಂಜಿನ್ನಿನ ಕೋಣೆಗೆ ನುಗ್ಗುತ್ತದೆ. ದೋಣಿಗಳು ಈ ಒಂದು ಮರೆವಿನಿಂದ ಮುಳುಗಿವೆ.

ಪ್ರಶ್ನೆ: ತಳಕ್ಕೆ ಬಣ್ಣ ಹೊಡೆಸಿ ಎರಡೇ ವರ್ಷವಾಗಿದೆ. ಈಗ ಎತ್ತಿ ನೋಡಿದರೆ ಹೊಳೆಯುವ ಹೊಸ ಗುಳಿಗಳು ಬಿದ್ದಿವೆ. ದೋಣಿಯನ್ನು ಹೆಚ್ಚಾಗಿ ಧಕ್ಕೆಯಲ್ಲಿ ಕಟ್ಟಿ, ದಡದ ವಿದ್ಯುತ್ತಿಗೆ ಜೋಡಿಸಿ ಇಟ್ಟಿರುತ್ತೇನೆ. ಬಣ್ಣ ಕಳಪೆಯೇ?

ಉತ್ತರ: ನೀವು ಬರೆದಿರುವ ಕೊನೆಯ ಮಾತಿನಲ್ಲಿಯೇ ಉತ್ತರವಿರುವಂತೆ ತೋರುತ್ತದೆ. ಬೇರೆ ಬೇರೆ ಲೋಹಗಳನ್ನು ತಂತಿಯಿಂದ ಜೋಡಿಸಿ ಒಂದೇ ನೀರಿನಲ್ಲಿ ಇಳಿಬಿಟ್ಟರೆ ಅದು ಒಂದು ಬ್ಯಾಟರಿಯಾಗುತ್ತದೆ, ಮತ್ತು ಅವುಗಳಲ್ಲಿ ಬೇಗ ಕರಗುವ ಗುಣವುಳ್ಳ ಲೋಹ ಕರಗತೊಡಗುತ್ತದೆ. ಇದಕ್ಕಾಗಿಯೇ ದೋಣಿಯ ತಳಕ್ಕೆ ಉಕ್ಕಿಗಿಂತ ಬೇಗ ಕರಗುವ ಲೋಹದ ಗಟ್ಟಿಗಳನ್ನು ಬೆಸೆದಿರುತ್ತಾರೆ. ಅವು ತಾವು ಸವೆದು ದೋಣಿಯನ್ನು ಉಳಿಸುತ್ತವೆ. ಆನೋಡ್ ಎಂಬುದು ಅವುಗಳ ಹೆಸರು. ದಡದ ವಿದ್ಯುತ್ತಿಗೆ ಜೋಡಿಸಿದೊಡನೆ ಭೂಸಂಪರ್ಕದ ತಂತಿಯ ಮೂಲಕ ನಿಮ್ಮ ದೋಣಿ ಅಕ್ಕಪಕ್ಕದ ಎಲ್ಲ ದೋಣಿಗಳಿಗೂ ಧಕ್ಕೆಯ ಲೋಹದ ಕಂಬಗಳಿಗೂ ಜೋಡಣೆಯಾಗುತ್ತದೆ. ಪಕ್ಕದವರ ಆನೋಡ್ ಪೂರ್ತಿ ಸವೆದಿದ್ದರೆ ನಿಮ್ಮದು ಅವರ ದೋಣಿಯನ್ನೂ ಕಾಯಲು ಹೊರಟು ಬೇಗ ಮುಗಿಯುತ್ತದೆ, ಆಮೇಲೆ ನಿಮ್ಮ ತಳದ ಸರದಿ ಬರುತ್ತದೆ.

ಯಾವ ಕಾರಣಕ್ಕೂ ಭೂಸಂಪರ್ಕದ ತಂತಿಯನ್ನು ಕಿತ್ತುಹಾಕಬೇಡಿ. ತುಕ್ಕು ತಪ್ಪಿಸಲು ಹೋಗಿ ಪ್ರಾಣಕ್ಕೆ ಅಪಾಯ ತಂದುಕೊಂಡಂತಾಗುತ್ತದೆ. ಅದೇ ತಂತಿಯ ದಾರಿಯಲ್ಲಿ ಗ್ಯಾಲ್ವಾನಿಕ್ ಐಸೊಲೇಟರ್ ಎಂಬ ಸಾಧನವನ್ನು ಅನುಭವಿ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿ. ಅದು ತುಕ್ಕಿಗೆ ಕಾರಣವಾದ ಅಲ್ಪ ಒತ್ತಡದ ಪ್ರವಾಹವನ್ನು ತಡೆದು, ವಿದ್ಯುತ್ ದೋಷ ಬಂದಾಗ ಮಾತ್ರ ದೊಡ್ಡ ಪ್ರವಾಹವನ್ನು ಹಾಯಲು ಬಿಡುತ್ತದೆ. ಆನೋಡ್ ಯಾವ ಲೋಹದ್ದು ಎಂಬುದನ್ನೂ ಕೇಳಿ ತಿಳಿಯಿರಿ. ಸಿಹಿನೀರಿಗೆ ಮೆಗ್ನೀಸಿಯಮ್, ಉಪ್ಪುನೀರಿಗೆ ಸತು, ಎರಡೂ ಬೆರೆಯುವ ಅಳಿವೆಗೆ ಅಲ್ಯೂಮಿನಿಯಂ ಸೂಕ್ತ. ಸಿಹಿನೀರಿನ ದೋಣಿಗೆ ಸತುವನ್ನು ಹಾಕಿದರೆ ಅದು ಸವೆಯದೆ ಹಾಗೆಯೇ ಉಳಿಯುವುದು ಒಳ್ಳೆಯ ಲಕ್ಷಣವಲ್ಲ, ಅದು ಕೆಲಸವನ್ನೇ ಮಾಡುತ್ತಿಲ್ಲ ಎಂದರ್ಥ. ಅರ್ಧ ಸವೆದಾಗ ಬದಲಾಯಿಸಿ. ಬಣ್ಣ ಹೊಡೆಯುವವರು ಉತ್ಸಾಹದಲ್ಲಿ ಆನೋಡಿಗೂ ಬಣ್ಣ ಬಳಿದಿದ್ದಾರೆಯೇ ನೋಡಿ. ಬಳಿದಿದ್ದರೆ ಅದು ನಿರುಪಯೋಗಿ.

ಪ್ರಶ್ನೆ: ಅಜ್ಜನ ಕಾಲದ ಮರದ ದೋಣಿಯನ್ನು ಒಂದು ಬೇಸಿಗೆ ಪೂರ್ತಿ ದಡದಲ್ಲಿಟ್ಟು ಈಗ ನೀರಿಗಿಳಿಸಿದರೆ ಸಂದುಸಂದಿನಿಂದ ಸೋರುತ್ತಿದೆ. ಮೊದಲು ಸೋರುತ್ತಿರಲಿಲ್ಲ.

ಉತ್ತರ: ಗಾಬರಿಯಾಗಬೇಡಿ. ಹಲಗೆಗಳು ಒಣಗಿ ಕುಗ್ಗಿವೆ. ಆಳವಿಲ್ಲದ ಕಡೆ ಕಟ್ಟಿ, ಪಂಪ್ ಸಿದ್ಧವಿಟ್ಟುಕೊಂಡು, ಕೆಲವು ದಿನ ನೀರು ಕುಡಿಯಲು ಬಿಡಿ. ಮರ ಉಬ್ಬಿದಂತೆ ಸಂದುಗಳು ತಾವೇ ಮುಚ್ಚಿಕೊಳ್ಳುತ್ತವೆ. ಸೋರುತ್ತಿರುವಾಗ ಅವಸರಪಟ್ಟು ಸಂದುಗಳಿಗೆ ಗಟ್ಟಿಯಾಗುವ ಅಂಟನ್ನು ತುಂಬಬೇಡಿ. ಹಲಗೆ ಉಬ್ಬುವಾಗ ಜಾಗವಿಲ್ಲದೆ ಒಳಗಿನ ಪಕ್ಕೆಲುಬುಗಳನ್ನೇ ಮುರಿಯಬಹುದು. ವಾರ ಕಳೆದರೂ ಒಂದೇ ಜಾಗದಲ್ಲಿ ಸೋರಿದರೆ ನೀರು ತಡೆಯಲು ಆ ಸಂದಿಗೆ ತುಂಬಿರುವ ನಾರನ್ನು ತೆಗೆದು ಹೊಸದು ತುಂಬಿಸಬೇಕು. ಮರದ ದೋಣಿಯನ್ನು ಕೊಳೆಸುವುದು ಹೆಚ್ಚಾಗಿ ಮೇಲಿನಿಂದ ಇಳಿಯುವ ಮಳೆಯ ನೀರು, ಕೆಳಗಿನ ನದಿಯ ನೀರಲ್ಲ. ಆದ್ದರಿಂದ ಹೊದಿಕೆ ಹಾಕಿ, ಆದರೆ ಗಾಳಿಯಾಡಲು ಎರಡೂ ತುದಿಗಳನ್ನು ತೆರೆದಿಡಿ.

ಪ್ರಶ್ನೆ: ಮುಂದಿನ ತಿಂಗಳು ನಾವು ದಂಪತಿ, ಎಂಟು ವರ್ಷದ ಮಗಳೊಂದಿಗೆ ಮೊದಲ ಸಲ ಲಾಕ್‌ಗಳಿರುವ ಕಾಲುವೆಯಲ್ಲಿ ವಾರದ ಪ್ರಯಾಣಕ್ಕೆ ಹೊರಟಿದ್ದೇವೆ. ಲಾಕ್ ದಾಟುವುದರ ಬಗ್ಗೆ ಭಯವಿದೆ. ರಾತ್ರಿ ದೋಣಿಯಲ್ಲಿಯೇ ಮಲಗುತ್ತೇವೆ.

ಉತ್ತರ: ಎರಡು ಬಾಗಿಲುಗಳ ನಡುವೆ ದೋಣಿಯನ್ನು ನಿಲ್ಲಿಸಿ, ನೀರು ತುಂಬಿ ಅಥವಾ ಬಿಟ್ಟು ದೋಣಿಯನ್ನು ಏರಿಸಿ ಇಳಿಸುವ ಈ ತೊಟ್ಟಿ ಬಹಳ ಹಳೆಯದು, ಚೀನಾದ ಸಾಗಣೆ ಅಧಿಕಾರಿ ಚಿಯಾವ್ ವೇಯುವೆ ಎಂಬುವವರು ಮಹಾ ಕಾಲುವೆಯಲ್ಲಿ ಇಂಥದ್ದನ್ನು ಕಟ್ಟಿಸಿದ್ದು 984ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಅದರ ತತ್ವ ಬದಲಾಗಿಲ್ಲ, ಅದರಲ್ಲಿ ಆಗುವ ತಪ್ಪುಗಳು ಕೂಡ ಕೆಲವೇ.

ಇಳಿಯುವಾಗಿನ ಅಪಾಯವೇ ದೊಡ್ಡದು. ಮೇಲಿನ ಬಾಗಿಲಿನ ಬುಡದಲ್ಲಿ ಕಲ್ಲಿನ ಅಥವಾ ಕಾಂಕ್ರೀಟಿನ ಹೊಸ್ತಿಲೊಂದು ತೊಟ್ಟಿಯೊಳಗೆ ಚಾಚಿಕೊಂಡಿರುತ್ತದೆ. ತೊಟ್ಟಿ ತುಂಬಿರುವಾಗ ಅದು ಕಾಣಿಸುವುದಿಲ್ಲ. ದೋಣಿಯ ಹಿಂಭಾಗ ಅದರ ಮೇಲಿದ್ದರೆ, ನೀರು ಇಳಿದಂತೆ ಹಿಂಭಾಗ ಅಲ್ಲಿಯೇ ಉಳಿದು ಮೂತಿ ಮಾತ್ರ ಕೆಳಗಿಳಿಯುತ್ತದೆ, ನಿಮಿಷಗಳಲ್ಲಿ ದೋಣಿ ಮುಳುಗುತ್ತದೆ. ಗೋಡೆಯ ಮೇಲೆ ಹೊಸ್ತಿಲಿನ ಗುರುತಿದ್ದರೆ ಅದಕ್ಕಿಂತ ಸಾಕಷ್ಟು ಮುಂದೆ ನಿಲ್ಲಿ, ಮತ್ತು ಒಬ್ಬರು ಹಿಂಭಾಗವನ್ನೇ ನೋಡುತ್ತಿರಿ. ಹಗ್ಗವನ್ನು ಗೂಟಕ್ಕೆ ಒಂದು ಸುತ್ತು ಹಾಕಿ ಕೈಯಲ್ಲಿ ಹಿಡಿದು ಸಡಿಲಿಸುತ್ತಾ ಹೋಗಬೇಕು. ಗಂಟು ಹಾಕಿಬಿಟ್ಟರೆ ನೀರು ಇಳಿದಾಗ ದೋಣಿ ಹಗ್ಗದಲ್ಲಿ ನೇತಾಡುತ್ತದೆ. ಏನೇ ತಪ್ಪಾದರೂ ಮೊದಲು ನೀರು ಬಿಡುತ್ತಿರುವ ಕಿಂಡಿಗಳನ್ನು ಮುಚ್ಚಬೇಕು. ಆಮೇಲೆ ಯೋಚಿಸಲು ಸಮಯ ಸಿಗುತ್ತದೆ. ಕಿಂಡಿ ತೆರೆಯುವವರಿಗೂ ಚುಕ್ಕಾಣಿಯಲ್ಲಿರುವವರಿಗೂ ಕೈಸನ್ನೆಗಳನ್ನು ಹೊರಡುವ ಮೊದಲೇ ನಿಗದಿ ಮಾಡಿಕೊಳ್ಳಿ, ಏಕೆಂದರೆ ನೀರಿನ ಸದ್ದಿನಲ್ಲಿ ಮಾತು ಕೇಳಿಸುವುದಿಲ್ಲ. ಏರುವಾಗ ಕಿಂಡಿಗಳನ್ನು ಸ್ವಲ್ಪಸ್ವಲ್ಪವೇ ತೆರೆದರೆ ನೀರಿನ ಸೆಳೆತ ಹಿಡಿತದಲ್ಲಿರುತ್ತದೆ.

ಮಗಳು ದೋಣಿಯ ಹೊರಭಾಗದಲ್ಲಿಯೂ ಲಾಕಿನ ಅಂಚಿನಲ್ಲಿಯೂ ಇರುವಷ್ಟು ಹೊತ್ತು ಅವಳ ತೂಕಕ್ಕೆ ಸರಿಯಾದ ಲೈಫ್ ಜಾಕೆಟ್ ಮೈಮೇಲಿರಲಿ, ನೀವಿಬ್ಬರೂ ಹಾಕಿಕೊಳ್ಳಿ. ದೋಣಿ ಗೋಡೆಗೆ ಬಡಿಯುವಂತಾದರೆ ಯಾರೂ ಕೈಯನ್ನೋ ಕಾಲನ್ನೋ ಅಡ್ಡ ಕೊಡಬಾರದು. ಹಲವು ಟನ್ ತೂಕ ಎಷ್ಟು ನಿಧಾನವಾಗಿ ಬಂದರೂ ಮೂಳೆ ತಡೆಯುವುದಿಲ್ಲ. ಯಾರಾದರೂ ನೀರಿಗೆ ಬಿದ್ದರೆ ಮೊದಲು ಎಂಜಿನ್ನನ್ನು ಗೇರಿನಿಂದ ಬಿಡಿಸಿ, ಆಮೇಲೆ ಹಗ್ಗ ಎಸೆಯಿರಿ.

ರಾತ್ರಿಯ ಬಗ್ಗೆ ನೀವು ಒಂದೇ ವಾಕ್ಯ ಬರೆದಿದ್ದೀರಿ. ನನಗೆ ಲಾಕಿಗಿಂತ ಅದೇ ಹೆಚ್ಚು ಚಿಂತೆ. ಅಡುಗೆಯ ಅನಿಲ ಗಾಳಿಗಿಂತ ಭಾರವಾದದ್ದು. ಮನೆಯಲ್ಲಿ ಸೋರಿದರೆ ಬಾಗಿಲಿನಿಂದ ಹೊರಗೆ ಹೋಗುವ ಅನಿಲ, ದೋಣಿಯಲ್ಲಿ ತಳದ ತಗ್ಗಿನಲ್ಲಿ ನೀರಿನಂತೆ ನಿಲ್ಲುತ್ತದೆ. ಒಂದು ಕಿಡಿ ಸಾಕು. ಸಿಲಿಂಡರನ್ನು ದೋಣಿಯ ಒಳಭಾಗಕ್ಕೆ ಸಂಬಂಧವಿಲ್ಲದ, ತಳದಿಂದ ನೇರವಾಗಿ ಹೊರಗೆ ಗಾಳಿ ಹೋಗುವ ಪೆಟ್ಟಿಗೆಯಲ್ಲಿಯೇ ಇಡಬೇಕು, ಮಲಗುವ ಮುನ್ನ ಸಿಲಿಂಡರಿನ ಬಳಿಯೇ ಅದನ್ನು ಮುಚ್ಚಬೇಕು. ಒಲೆ, ಹೀಟರ್, ಎಂಜಿನ್ ಯಾವುದರಿಂದಲಾದರೂ ಬರಬಹುದಾದ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ನಿದ್ದೆಯಲ್ಲಿರುವವರನ್ನು ಅದು ಎಬ್ಬಿಸುವುದಿಲ್ಲ. ಅದನ್ನು ಗುರುತಿಸುವ ಅಲಾರಂ ಮಲಗುವ ಜಾಗದಲ್ಲಿ ಇದೆಯೇ, ಗುಂಡಿ ಒತ್ತಿದರೆ ಕೂಗುತ್ತದೆಯೇ ಎಂದು ಬಾಡಿಗೆಯ ದೋಣಿಯಾಗಲಿ ಸ್ವಂತದ್ದಾಗಲಿ ಮೊದಲ ಸಂಜೆಯೇ ನೋಡಿ. ಚಳಿಯೆಂದು ಗಾಳಿಯ ಕಿಂಡಿಗಳಿಗೆ ಬಟ್ಟೆ ತುರುಕಬೇಡಿ, ಬೆಚ್ಚಗಾಗಲು ಅಡುಗೆಯ ಒಲೆಯನ್ನು ಹಚ್ಚಿಡಬೇಡಿ. ಅಲಾರಂ ಇಲ್ಲದಿದ್ದರೆ ಒಂದನ್ನು ಕೊಂಡು ತಂದ ಮೇಲೆಯೇ ದೋಣಿಯಲ್ಲಿ ಮಲಗಿ.